ಹಾಸನದ ಕರೆಂಟ್ ಬಿಲ್ ಯುರೋಪಿಗೆ ಯಾಕೆ ಬೇಕು?

ಗೃಹಜ್ಯೋತಿ ಬಂದ ಮೇಲೆ ನಮ್ಮ ಮನೆಯಲ್ಲಿ ಕರೆಂಟ್ ಬಿಲ್ ಓದುವ ಅಭ್ಯಾಸವೇ ತಪ್ಪಿಹೋಗಿದೆ. ಮೀಟರ್ ರೀಡರ್ ಚೀಟಿ ಕೊಡುತ್ತಾನೆ. ಕೊನೆಯಲ್ಲಿ ಸೊನ್ನೆ ಇದೆಯಾ ಅಂತ ನೋಡುತ್ತೇವೆ. ಕಿಟಕಿಯ ಸರಳಿಗೆ ಸಿಕ್ಕಿಸಿ ಮರೆಯುತ್ತೇವೆ. ಹೀಗಿರುವಾಗ ಹಾಸನದ ಒಂದು ಸಣ್ಣ ಕಾಫಿ ಘಟಕದ ಹನ್ನೆರಡು ತಿಂಗಳ ಬಿಲ್ಲನ್ನು ಸಮುದ್ರದಾಚೆಯ ಕಂಪನಿಯೊಂದು ಕೇಳಿದರೆ ವಿಚಿತ್ರ ಅನಿಸುತ್ತದೆ, ಅಲ್ವಾ?

ನಮ್ಮ ಭಾವ ಹಾಸನದ ಹೊರವಲಯದಲ್ಲಿ ಕ್ಯೂರಿಂಗ್ ವರ್ಕ್ಸ್ ನಡೆಸುತ್ತಾರೆ. ತೋಟಗಳಿಂದ ಬಂದ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಬಿಡಿಸಿ ಒಣಗಿಸಿದ್ದು) ಮತ್ತು ಚೆರಿ (ಹಣ್ಣಾಗಿಯೇ ಒಣಗಿಸಿದ್ದು) ಕಾಫಿಯ ಸಿಪ್ಪೆ ತೆಗೆಯುವುದು, ಪಾಲಿಶ್ ಮಾಡುವುದು, ಗಾತ್ರ ಬಣ್ಣ ನೋಡಿ ಬೇರೆ ಮಾಡುವುದು, ಮೂಟೆ ಕಟ್ಟಿ ಮಂಗಳೂರಿನ ಕಡೆಗೆ ಲಾರಿ ಹತ್ತಿಸುವುದು ಅವರ ಕೆಲಸ. ಹೋದ ವರ್ಷ ಆ ಕಾಫಿ ಕೊಳ್ಳುವ ಯುರೋಪಿನ ಕಂಪನಿಯಿಂದ ರಫ್ತುದಾರರ ಮೂಲಕ ಅವರಿಗೊಂದು ಎಕ್ಸೆಲ್ ಹಾಳೆ ಬಂತು. ವರ್ಷಕ್ಕೆ ಎಷ್ಟು ಯೂನಿಟ್ ಬಳಸುತ್ತೀರಿ? ಅದರಲ್ಲಿ ಬಿಸಿಲು, ಗಾಳಿ, ನೀರಿನಿಂದ ಬಂದದ್ದು ಎಷ್ಟು? ಅದಕ್ಕೆ ದಾಖಲೆ ಏನಿದೆ? ನೂರಕ್ಕೆ ನೂರು ಆಗುವ ಗುರಿ ವರ್ಷ ಯಾವುದು?

ಭಾವ ಫೋನ್ ಮಾಡಿದರು. "ಅಲ್ಲ ಕಣೋ, ನಮ್ಮ ಬಿಲ್ ಕಟ್ಕೊಂಡು ಅವರಿಗೇನಾಗ್ಬೇಕು? ಕಟ್ಟೋದು ನಾವಲ್ವಾ?"

ಎರಡು ಭಾನುವಾರ ಆ ಹಾಳೆಯ ಮುಂದೆ ಕೂತು ನನಗೆ ತಿಳಿದದ್ದು ಇಷ್ಟು.

ನಿಮ್ಮ ಎರಡು, ಅವರ ಮೂರು

ಕಂಪನಿಗಳು ತಾವು ಬಿಡುವ ಹೊಗೆಯ, ಅಂದರೆ ಭೂಮಿಯನ್ನು ಬಿಸಿ ಮಾಡುವ ಅನಿಲಗಳ, ಲೆಕ್ಕ ಬರೆಯುವುದಕ್ಕೆ ಜಗತ್ತಿನಲ್ಲಿ ಹೆಚ್ಚಾಗಿ ಬಳಸುವ ನಿಯಮಗಳಿಗೆ ಜಿಎಚ್‌ಜಿ (ಗ್ರೀನ್‌ಹೌಸ್ ಗ್ಯಾಸ್) ಪ್ರೋಟೋಕಾಲ್ ಎಂದು ಹೆಸರು. ಅದು ಮೊದಲು ಬಂದದ್ದು 2001ರಲ್ಲಿ. ಅದು ಹೊಗೆಯನ್ನು ಮೂರು ಖಾನೆಗಳಲ್ಲಿ ಬರೆಸುತ್ತದೆ.

ಸ್ಕೋಪ್ 1 ಎಂದರೆ ನಿಮ್ಮ ಕಾಂಪೌಂಡಿನೊಳಗೆ ನೀವೇ ಸುಟ್ಟದ್ದು. ಭಾವನ ಡೀಸೆಲ್ ಜನರೇಟರ್ ಇಲ್ಲಿ ಬರುತ್ತದೆ. ಸ್ಕೋಪ್ 2 ಎಂದರೆ ನೀವು ಕೊಂಡ ಕರೆಂಟಿಗಾಗಿ ಬೇರೆಲ್ಲೋ ಸುಟ್ಟದ್ದು. ಯಂತ್ರ ತಿರುಗುವುದು ಹಾಸನದಲ್ಲಿ, ಕಲ್ಲಿದ್ದಲು ಉರಿಯುವುದು ರಾಯಚೂರಿನಲ್ಲೋ ಬಳ್ಳಾರಿಯಲ್ಲೋ. ಸ್ಕೋಪ್ 3 ಎಂದರೆ ಉಳಿದದ್ದೆಲ್ಲ: ಕೊಂಡ ಸರಕು, ಸಾಗಣೆ, ಮಾರಿದ ಮೇಲೆ ಗ್ರಾಹಕರ ಮನೆಯಲ್ಲಿ ಆಗುವ ಬಳಕೆ, ಹೀಗೆ 15 ವಿಭಾಗ. ಈ ಮೂರನೇ ಖಾನೆಗೆ ಪ್ರತ್ಯೇಕ ನಿಯಮಪುಸ್ತಕ ಬಂದದ್ದು 2011ರಲ್ಲಿ.

ಸ್ವಾರಸ್ಯ ಇರುವುದು ಇಲ್ಲಿ. ಭಾವನ ಮೀಟರಿನಲ್ಲಿ ಓಡಿದ ಒಂದು ಯೂನಿಟ್ ಅವರ ಪುಸ್ತಕದಲ್ಲಿ ಸ್ಕೋಪ್ 2. ಅದೇ ಯೂನಿಟ್, ಅವರು ಹದ ಮಾಡಿದ ಕಾಫಿ ಕೊಂಡ ಕಂಪನಿಯ ಪುಸ್ತಕದಲ್ಲಿ ಸ್ಕೋಪ್ 3. ಹೊಗೆ ಒಂದೇ, ಬರೆದುಕೊಳ್ಳುವ ಪುಸ್ತಕ ಎರಡು.

ಕಾಫಿ ಮಾರುವ ದೊಡ್ಡ ಕಂಪನಿಗೆ ಸ್ವಂತ ತೋಟ ಇರುವುದಿಲ್ಲ, ಕ್ಯೂರಿಂಗ್ ಯಂತ್ರವೂ ಇರುವುದಿಲ್ಲ. ಬಟ್ಟೆಯ ಬ್ರ್ಯಾಂಡಿಗೆ ನೂಲುವ ಗಿರಣಿ ಇರುವುದಿಲ್ಲ. ಮುಖ್ಯ ಕಚೇರಿಯ ಮಾಡಿಗೆ ಸೋಲಾರ್ ಹಾಕಿ ಫೋಟೋ ತೆಗೆಸಿಕೊಂಡರೆ ಕಡಿಮೆಯಾಗುವುದು ಚಿಟಿಕೆಯಷ್ಟು. ಉಳಿದ ಹೊಗೆಯೆಲ್ಲ ಬೇರೆಯವರ ಕಾರ್ಖಾನೆ, ಬೇರೆಯವರ ಹೊಲ, ಬೇರೆಯವರ ಲಾರಿಯಲ್ಲಿದೆ. ಹಾಗಂತ ಕೈತೊಳೆದುಕೊಳ್ಳುವಂತಿಲ್ಲ. ಕಂಪನಿಗಳ ಹವಾಮಾನ ಗುರಿಗಳನ್ನು ತೂಗಿ ನೋಡುವ ಎಸ್‌ಬಿಟಿಐ ಎಂಬ ಸಂಸ್ಥೆಯ ನಿಯಮದಂತೆ, ಒಟ್ಟು ಹೊಗೆಯಲ್ಲಿ ಸ್ಕೋಪ್ 3ರ ಪಾಲು ಶೇ 40 ದಾಟಿದರೆ ಅದಕ್ಕೂ ಗುರಿ ಇಟ್ಟುಕೊಳ್ಳಬೇಕು. ನಮ್ಮಲ್ಲಿ ಸೆಬಿ ಕೂಡ 2022-23ರಿಂದ ಷೇರು ಮಾರುಕಟ್ಟೆಯ ಮೊದಲ 1000 ಕಂಪನಿಗಳು ಪರಿಸರದ ಲೆಕ್ಕ ಒಪ್ಪಿಸುವುದನ್ನು ಕಡ್ಡಾಯ ಮಾಡಿದೆ. ಮೇಲಿನವರಿಗೆ ಬಂದ ಪ್ರಶ್ನೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಹಾಸನಕ್ಕೆ ಬಂದಿದೆ, ಅಷ್ಟೆ.

ಎಲ್ಲ ಬಿಟ್ಟು ಕರೆಂಟೇ ಯಾಕೆ? ಅದು ಸುಲಭ, ಅದಕ್ಕೆ. ಗೊಬ್ಬರದಿಂದ ಏಳುವ ಅನಿಲವನ್ನು ತಗ್ಗಿಸಬೇಕಾದರೆ ತೋಟದ ಪದ್ಧತಿಯೇ ಬದಲಾಗಬೇಕು. ಹಡಗಿನ ಇಂಧನ ಬದಲಾಗಲು ದಶಕಗಳು ಬೇಕು. ಕರೆಂಟಿಗೆ ಯಂತ್ರ ಬದಲಿಸುವುದು ಬೇಡ, ಕೆಲಸದವರಿಗೆ ತರಬೇತಿ ಬೇಡ. ಪಾಲಿಶರ್‌ಗೆ ಕಲ್ಲಿದ್ದಲ ಕರೆಂಟೂ ಒಂದೇ, ಗಾಳಿಯ ಕರೆಂಟೂ ಒಂದೇ. ಜೊತೆಗೆ ಮೀಟರ್ ಇರುವುದರಿಂದ ಅಂಕಿ ಪಕ್ಕಾ. ಆಪಲ್ ಕಂಪನಿ ತನಗೆ ಬಿಡಿಭಾಗ ಮಾಡಿಕೊಡುವವರನ್ನು ಶುದ್ಧ ವಿದ್ಯುತ್ತಿಗೆ ಎಳೆಯುವ ಕಾರ್ಯಕ್ರಮವನ್ನು 2015ರಲ್ಲೇ ಶುರುಮಾಡಿತು.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಕಾಫಿಯ ಒಟ್ಟು ಲೆಕ್ಕದಲ್ಲಿ ಕ್ಯೂರಿಂಗ್ ಕರೆಂಟಿನ ಪಾಲು ದೊಡ್ಡದೇನಲ್ಲ. ತೋಟದ ಗೊಬ್ಬರದ ಪಾಲು ಅದಕ್ಕಿಂತ ಜಾಸ್ತಿ. ಆದರೆ ಹಾಸನದ ಕೈಗಾರಿಕಾ ಪ್ರದೇಶದಲ್ಲಿರುವಂಥ ಜವಳಿ ಕಾರ್ಖಾನೆಗಳ ಕಥೆ ಬೇರೆ. ಮೂರು ಪಾಳಿ ಓಡುವ ನೂಲುವ, ನೇಯುವ ಯಂತ್ರಗಳಿಗೆ ಕರೆಂಟೇ ಅನ್ನ. ಅಲ್ಲಿ ಕರೆಂಟ್ ಬದಲಾದರೆ ಲೆಕ್ಕವೇ ಬದಲಾಗುತ್ತದೆ.

ಡೇರಿಗೆ ಹಾಕಿದ ಹಾಲು

"ಲೈನ್ ಒಂದೇ, ಕಂಬ ಒಂದೇ. ಅದರಲ್ಲಿ ಸೋಲಾರ್ ಕರೆಂಟ್ ಯಾವ್ದು, ಕಲ್ಲಿದ್ದಲ ಕರೆಂಟ್ ಯಾವ್ದು ಅಂತ ಹೆಂಗೆ ಹೇಳ್ತೀಯ?" ಇದು ಭಾವನ ಎರಡನೇ ಪ್ರಶ್ನೆ. ಬಹಳ ಜನ ಇಲ್ಲೇ ಎಡವುತ್ತಾರೆ. ನಾನೂ ಎಡವಿದ್ದೆ. ಕೊನೆಗೆ ದಾರಿ ತೋರಿಸಿದ್ದು ನಮ್ಮೂರಿನ ಹಾಲಿನ ಡೇರಿ.

ಬೆಳಿಗ್ಗೆ ಊರಿನ ಅರವತ್ತು ಮನೆಯವರು ಹಾಲು ತರುತ್ತಾರೆ. ಫ್ಯಾಟ್ ನೋಡಿ, ಅಳೆದು, ಚೀಟಿ ಕೊಟ್ಟು, ಒಂದೇ ಕ್ಯಾನಿಗೆ ಸುರಿಯುತ್ತಾರೆ. ಆಮೇಲೆ ನಮ್ಮ ಕೆಂದಹಸುವಿನ ಹಾಲು ಯಾವ ಪ್ಯಾಕೆಟ್ಟಿಗೆ ಹೋಯಿತು ಅಂತ ದೇವರಿಗೂ ಗೊತ್ತಿಲ್ಲ. ಆದರೂ ನಾವು ಹಾಕಿದ್ದು ಎಂಟು ಲೀಟರ್ ಅನ್ನುವುದಕ್ಕೆ ಚೀಟಿ ಇದೆ. ದುಡ್ಡು ನಮಗೇ ಬರುತ್ತದೆ. ಹಾಲು ಬೆರೆತರೂ ಲೆಕ್ಕ ಬೆರೆಯುವುದಿಲ್ಲ.

ಗ್ರಿಡ್, ಅಂದರೆ ಕರೆಂಟ್ ಸಾಗಿಸುವ ಲೈನುಗಳ ಜಾಲ, ಕೂಡ ಅಂಥದ್ದೇ ಒಂದು ಕ್ಯಾನ್. ಪಾವಗಡದ ಸೋಲಾರ್ ಪಾರ್ಕ್, ಚಿತ್ರದುರ್ಗ ಗದಗಿನ ಗಾಳಿಯಂತ್ರ, ಶರಾವತಿಯ ನೀರು, ರಾಯಚೂರಿನ ಕಲ್ಲಿದ್ದಲು, ಎಲ್ಲ ಅದಕ್ಕೇ ಸುರಿಯುತ್ತವೆ. ನಮಗೆ ಬರುವುದು ಬೆರಕೆ ಕರೆಂಟ್. ಶುದ್ಧ ಕರೆಂಟ್ ಕೊಳ್ಳುವುದು ಎಂದರೆ ಅದರ ಚೀಟಿಯನ್ನು ನಿಮ್ಮ ಹೆಸರಿಗೆ ಮಾಡಿಕೊಳ್ಳುವುದು.

ಹಾಗಾಗಿ ಸ್ಕೋಪ್ 2ರ ಲೆಕ್ಕವನ್ನು ಎರಡು ಬಗೆಯಲ್ಲಿ ಬರೆಯಬೇಕೆಂದು 2015ರಲ್ಲಿ ನಿಯಮ ಬಂತು. ಒಂದು, ಕ್ಯಾನಿನ ಸರಾಸರಿ. ನೀವು ಯಾವ ಚೀಟಿ ಇಟ್ಟುಕೊಂಡಿದ್ದರೂ ಸರಿ, ನಿಮ್ಮ ಗ್ರಿಡ್ಡಿನ ಒಟ್ಟು ಬೆರಕೆಯಂತೆ ಲೆಕ್ಕ. ಎರಡು, ಚೀಟಿಯ ಲೆಕ್ಕ. ಕೈಯಲ್ಲಿ ಗಾಳಿಯ ಚೀಟಿ ಇದ್ದರೆ ಅಷ್ಟು ಯೂನಿಟ್‌ಗೆ ಸೊನ್ನೆ.

ಭಾರತದ ಗ್ರಿಡ್ಡಿನ ಸರಾಸರಿಯನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರಕಟಿಸುತ್ತದೆ. ಅದು ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್. ಲೆಕ್ಕಕ್ಕೆ ಸುಲಭವಾಗಲಿ ಅಂತ ಒಂದು ಘಟಕ ವರ್ಷಕ್ಕೆ 2,40,000 ಯೂನಿಟ್ ಬಳಸುತ್ತದೆ ಎಂದುಕೊಳ್ಳಿ. 0.7ರಿಂದ ಗುಣಿಸಿದರೆ 1,68,000 ಕಿಲೋ, ಅಂದರೆ 168 ಟನ್. ಅದರ ಕಾಲು ಭಾಗದ ಸರಕನ್ನು ಒಬ್ಬನೇ ಖರೀದಿದಾರ ಕೊಂಡರೆ ಸುಮಾರು 42 ಟನ್ ಅವನ ಸ್ಕೋಪ್ 3ಕ್ಕೆ ಹೋಗುತ್ತದೆ.

ಹಳೇ ಹಸುವಿನ ಚೀಟಿ

ಚೀಟಿ ಸಿಗುವ ದಾರಿಗಳು ಹಲವು. ಎಲ್ಲಕ್ಕೂ ಒಂದೇ ಬೆಲೆ ಇಲ್ಲ, ಒಂದೇ ತೂಕವೂ ಇಲ್ಲ.

ತೀರಾ ಸುಲಭದ್ದು ಬರೀ ಚೀಟಿ ಕೊಳ್ಳುವುದು. ನಮ್ಮ ದೇಶದಲ್ಲಿ ಇದನ್ನು ಆರ್‌ಇಸಿ (ರಿನ್ಯೂಯಬಲ್ ಎನರ್ಜಿ ಸರ್ಟಿಫಿಕೇಟ್) ಅನ್ನುತ್ತಾರೆ. ಒಂದು ಆರ್‌ಇಸಿ ಎಂದರೆ 1000 ಯೂನಿಟ್. ಇದರ ನಿಯಮ 2010ರಲ್ಲಿ ಬಂತು, ವಿದ್ಯುತ್ ವಿನಿಮಯ ಕೇಂದ್ರಗಳಲ್ಲಿ ವ್ಯಾಪಾರ ನಡೆಯುತ್ತದೆ. ಕರೆಂಟ್ ಎಂದಿನಂತೆ ಸೆಸ್ಕ್‌ನಿಂದಲೇ ಬರುತ್ತದೆ, ಚಿಕ್ಕಮಗಳೂರಿನವರಾದರೆ ಮೆಸ್ಕಾಂನಿಂದ. ಕಾಗದ ಮಾತ್ರ ಬೇರೆ ಕಡೆಯಿಂದ. ಯೂನಿಟ್ ಲೆಕ್ಕದಲ್ಲಿ ಖರ್ಚು ಪೈಸೆಗಳಷ್ಟೇ.

ಇಷ್ಟು ಅಗ್ಗವಾದರೆ ಅನುಮಾನ ಬರಬೇಕು. ಹತ್ತು ವರ್ಷದಿಂದ ಹಾಲು ಕೊಡುತ್ತಿರುವ ಹಸುವಿನ ಚೀಟಿಯನ್ನು ನೀವು ಕೊಂಡರೆ ಊರಿಗೆ ಒಂದು ಲೋಟ ಹಾಲೂ ಹೆಚ್ಚಾಗುವುದಿಲ್ಲ. ಆ ಹಸು ನೀವು ಕೊಳ್ಳದಿದ್ದರೂ ಹಾಲು ಕೊಡುತ್ತಿತ್ತು. ನಿಮ್ಮ ದುಡ್ಡಿನಿಂದ ಕೊಟ್ಟಿಗೆಗೆ ಹೊಸ ಹಸು ಬಂದರೆ ಅದು ಬೇರೆ ಮಾತು. ಯಾವತ್ತೋ ಕಟ್ಟಿ ಸಾಲ ತೀರಿಸಿದ ಘಟಕದ ಚೀಟಿ ಹಳೇ ಹಸುವಿನದ್ದು. ನೀವು ಕರಾರು ಮಾಡಿಕೊಂಡಿದ್ದರಿಂದಲೇ ಬ್ಯಾಂಕ್ ಸಾಲ ಸಿಕ್ಕು ಎದ್ದ ಹೊಸ ಗಾಳಿಯಂತ್ರದ್ದು ಹೊಸ ಹಸುವಿನದ್ದು. ಎರಡೂ ಲೆಕ್ಕದ ಪುಸ್ತಕದಲ್ಲಿ ಸೊನ್ನೆ ಅಂತಲೇ ಬರುತ್ತವೆ. ನನ್ನ ಕೇಳಿದರೆ ಈ ಇಡೀ ವಿಷಯದಲ್ಲಿ ಗಮನವಿಟ್ಟು ನೋಡಬೇಕಾದ ಜಾಗ ಇದೊಂದೇ.

ಇನ್ನೊಂದು ಮೋಸ, ಗೊತ್ತಿಲ್ಲದೆಯೂ ಆಗುವಂಥದ್ದು: ಒಂದೇ ಹಾಲಿಗೆ ಇಬ್ಬರಿಗೆ ಚೀಟಿ. ಮಾಡಿನ ಮೇಲೆ ಬೇರೆಯವರು ಬಂಡವಾಳ ಹಾಕಿ ಸೋಲಾರ್ ಕೂರಿಸಿಕೊಟ್ಟರೆ, ಕರೆಂಟ್ ನಿಮಗೆ ಕೊಟ್ಟು ಅದರ ಹಸಿರು ಹಕ್ಕನ್ನು ಅವರೇ ಇಟ್ಟುಕೊಂಡಿರಬಹುದು. ಹಾಗಿದ್ದರೆ ಪ್ಯಾನಲ್ ನಿಮ್ಮ ತಲೆಯ ಮೇಲೇ ಇದ್ದರೂ ಹಾಳೆಯಲ್ಲಿ ಬರೆಯುವಂತಿಲ್ಲ. ಕರಾರಿನಲ್ಲಿ ಹಕ್ಕು ಯಾರದು ಎಂಬ ಸಾಲನ್ನು ಮೊದಲು ಹುಡುಕಿ.

ಎರಡನೇ ದಾರಿ ಸ್ವಂತ ಮಾಡಿನ ಮೇಲೆ ಸೋಲಾರ್. ನಮ್ಮ ಕಡೆ 100 ಕಿಲೋವ್ಯಾಟ್ ಸೋಲಾರ್ ವರ್ಷಕ್ಕೆ ಸರಿಸುಮಾರು 1,40,000 ಯೂನಿಟ್ ಕೊಡುತ್ತದೆ. ಹತ್ತು ಸಾವಿರ ಚದರಡಿ ಜಾಗ ಬೇಕು. ಮಲೆನಾಡಿನಲ್ಲಿ ಸೋಲಾರಾ, ಜೂನ್ ಬಂದರೆ ಸೂರ್ಯನ ಮುಖವೇ ಕಾಣಲ್ಲ ಅಂತ ನಗುವವರಿದ್ದಾರೆ. ಕಾಫಿಯ ಮಟ್ಟಿಗೆ ಆ ನಗು ಸರಿಯಲ್ಲ. ಹಣ್ಣು ಕೊಯ್ಲು ನವೆಂಬರಿನಿಂದ ಮಾರ್ಚ್‌ವರೆಗೆ. ಕ್ಯೂರಿಂಗ್ ಯಂತ್ರಗಳು ಬಿಡುವಿಲ್ಲದೆ ಓಡುವುದು ಬೇಸಿಗೆಯಲ್ಲಿ, ಬಿಸಿಲು ಸುಡುವಾಗಲೇ. ಮಳೆ ಹಿಡಿದು ಪ್ಯಾನಲ್ ಮಂಕಾಗುವ ಹೊತ್ತಿಗೆ ಕೆಲಸವೂ ಇಳಿದಿರುತ್ತದೆ. ಬಿಸಿಲು ಮತ್ತು ದುಡಿಮೆ ಇಷ್ಟು ಚೆನ್ನಾಗಿ ಜೊತೆಯಾಗುವ ಉದ್ಯಮ ಕಡಿಮೆ.

ವರ್ಷಪೂರ್ತಿ, ರಾತ್ರಿ ಹಗಲು ಓಡುವ ಗಿರಣಿಗೆ ಮಾಡು ಸಾಲುವುದಿಲ್ಲ. ಅವರಿಗೆ ಮೂರನೇ ದಾರಿ. ಎಲ್ಲೋ ದೂರದ ಸೋಲಾರ್ ಅಥವಾ ಗಾಳಿ ಘಟಕದಿಂದ ನೇರ ಕರಾರು ಮಾಡಿಕೊಂಡು, ಸರ್ಕಾರದ ಲೈನಿನ ಮೇಲೆ ತರಿಸಿಕೊಳ್ಳುವುದು. ಇದಕ್ಕೆ ಓಪನ್ ಆಕ್ಸೆಸ್ ಅನ್ನುತ್ತಾರೆ. ಲೈನ್ ಬಳಸಿದ್ದಕ್ಕೆ ವೀಲಿಂಗ್ ಚಾರ್ಜ್ ಉಂಟು, ಮನೆ ಮತ್ತು ಪಂಪ್‌ಸೆಟ್‌ಗಳ ಅಗ್ಗದ ದರವನ್ನು ತುಂಬಿಕೊಡುವ ಕ್ರಾಸ್ ಸಬ್ಸಿಡಿ ಸರ್ಚಾರ್ಜ್ ಉಂಟು. ಗಾಳಿ ಮತ್ತು ಬಿಸಿಲು ಎರಡನ್ನೂ ಸೇರಿಸಿ ಕೊಳ್ಳುವುದು ಜಾಣತನ. ನಮ್ಮ ರಾಜ್ಯದಲ್ಲಿ ಗಾಳಿ ಜೋರು ಬೀಸುವುದು ಜೂನಿನಿಂದ ಸೆಪ್ಟೆಂಬರ್, ಬಿಸಿಲು ಕೈಕೊಡುವ ತಿಂಗಳುಗಳಲ್ಲೇ.

ನಾಲ್ಕನೆಯದು ಗ್ರೂಪ್ ಕ್ಯಾಪ್ಟಿವ್, ಅಂದರೆ ಪಾಲುದಾರಿಕೆಯ ಘಟಕ. ಕೆಲವು ಕಾರ್ಖಾನೆಗಳು ಸೇರಿ ವಿದ್ಯುತ್ ಘಟಕದಲ್ಲಿ ಕನಿಷ್ಠ ಶೇ 26 ಪಾಲು ಕೊಳ್ಳಬೇಕು, ಅದರ ಕರೆಂಟಿನಲ್ಲಿ ಕನಿಷ್ಠ ಶೇ 51 ತಾವೇ ಬಳಸಬೇಕು. 2005ರ ವಿದ್ಯುತ್ ನಿಯಮಗಳಲ್ಲಿ ಇದು ಇದೆ. ಆಗ ಅದು ಸ್ವಂತ ಘಟಕದ ಲೆಕ್ಕ, ಕ್ರಾಸ್ ಸಬ್ಸಿಡಿ ಸರ್ಚಾರ್ಜ್ ತಪ್ಪುತ್ತದೆ.

ಸೆಸ್ಕ್, ಮೆಸ್ಕಾಂನಂಥ ಎಸ್ಕಾಂಗಳಿಗೇ ಯೂನಿಟ್‌ಗೆ ಸ್ವಲ್ಪ ಹೆಚ್ಚು ಕೊಟ್ಟು ಹಸಿರು ದರದಲ್ಲಿ ಕೊಳ್ಳುವ ಅವಕಾಶವೂ ಎಚ್‌ಟಿ (ಹೈ ಟೆನ್ಷನ್ ಲೈನಿನ) ಗ್ರಾಹಕರಿಗೆ ಇದೆ. ಹೆಚ್ಚು ತಲೆನೋವು ಬೇಡ ಅನ್ನುವವರಿಗೆ ಅದು.

ಕಣಜದ ಜಗಳ

ಬಿಸಿಲಿದ್ದಾಗ ಹೆಚ್ಚಾದ ಕರೆಂಟನ್ನು ಗ್ರಿಡ್ಡಿಗೆ ಕೊಟ್ಟು, ಬೇಕಾದಾಗ ವಾಪಸ್ ಪಡೆಯುವುದಕ್ಕೆ ಬ್ಯಾಂಕಿಂಗ್ ಎಂದು ಹೆಸರು. ಸುಗ್ಗಿಯಲ್ಲಿ ಕಣಜ ತುಂಬಿ ಮಳೆಗಾಲದಲ್ಲಿ ತೆಗೆದ ಹಾಗೆ. ಪ್ರಶ್ನೆ ಏನೆಂದರೆ, ಕಣಜದಲ್ಲಿ ಎಷ್ಟು ದಿನ ಇಡಬಹುದು?

ಕೇಂದ್ರ ಸರ್ಕಾರ 2022ರಲ್ಲಿ ಹಸಿರು ಓಪನ್ ಆಕ್ಸೆಸ್ ನಿಯಮ ತಂದಿತು. ಹೀಗೆ ಕರೆಂಟ್ ತರಿಸಿಕೊಳ್ಳುವವರಿಗೆ ಕನಿಷ್ಠ ಒಂದು ಮೆಗಾವ್ಯಾಟ್ (1000 ಕಿಲೋವ್ಯಾಟ್) ಬೇಡಿಕೆ ಇರಬೇಕು ಎಂದಿದ್ದ ಮಿತಿಯನ್ನು 100 ಕಿಲೋವ್ಯಾಟ್‌ಗೆ ಇಳಿಸಿತು. ಸಣ್ಣ ಕಾರ್ಖಾನೆಗಳಿಗೆ ಬಾಗಿಲು ತೆರೆದದ್ದು ಇದೇ. ಆದರೆ ಬ್ಯಾಂಕಿಂಗ್ ಲೆಕ್ಕ ತಿಂಗಳಿಗೊಮ್ಮೆ ಮುಗಿಯಬೇಕಾಯಿತು. ಕರ್ನಾಟಕದಲ್ಲಿ ಮೊದಲು ವರ್ಷದ ಲೆಕ್ಕ ಇತ್ತು. ಮಳೆಗಾಲದಲ್ಲಷ್ಟೇ ಜೋರಾಗಿ ಉತ್ಪಾದಿಸುವ ಕಿರು ಜಲವಿದ್ಯುತ್ ಘಟಕಗಳಿಗೆ ಇದು ಏಟು. ಆಗಸ್ಟಿನ ನೀರನ್ನು ಮಾರ್ಚ್‌ನಲ್ಲಿ ಮಾರುವಂತಿಲ್ಲವಲ್ಲ! ಜಲವಿದ್ಯುತ್ ಕಂಪನಿಗಳು ಕೋರ್ಟಿಗೆ ಹೋದವು. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್, ಇಂಥ ನಿಯಮ ಮಾಡುವ ಅಧಿಕಾರ ಕೇಂದ್ರಕ್ಕಿಲ್ಲ ಎಂದು ಅದನ್ನೂ, ಅದರ ಮೇಲೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) ಮಾಡಿದ್ದ ನಿಯಮಾವಳಿಯನ್ನೂ ರದ್ದು ಮಾಡಿತು. ಹದಿನೈದು ವರ್ಷದ ಕರಾರಿಗೆ ಸಹಿ ಹಾಕುವವರು ನಿಯಮ ನಡುವೆಯೇ ಬದಲಾಗಬಹುದು ಎಂಬುದನ್ನು ಲೆಕ್ಕಕ್ಕೆ ಹಿಡಿದೇ ಹಾಕಬೇಕು.

ಈ ಕಣಜದ ಪ್ರಶ್ನೆ ಇಂಗಾಲದ ಲೆಕ್ಕಕ್ಕೂ ಬಂದಿದೆ. ಈಗಿನ ಪದ್ಧತಿಯಲ್ಲಿ ಮಧ್ಯಾಹ್ನದ ಸೋಲಾರ್ ಚೀಟಿ ತೋರಿಸಿ ರಾತ್ರಿ ಪಾಳಿಯ ಕರೆಂಟನ್ನೂ ಶುದ್ಧ ಅನ್ನಬಹುದು. ವರ್ಷದ ಒಟ್ಟು ಸರಿಹೊಂದಿದರೆ ಸಾಕು. ಆದರೆ ರಾತ್ರಿ ಒಂಬತ್ತಕ್ಕೆ ಗ್ರಿಡ್ಡಿಗೆ ಆಸರೆಯಾಗುವುದು ಹೆಚ್ಚಾಗಿ ಕಲ್ಲಿದ್ದಲೇ. ಗಂಟೆಗೆ ಗಂಟೆ ಹೊಂದಿಸಬೇಕು ಎಂಬ ಕರಡನ್ನು ಜಿಎಚ್‌ಜಿ ಪ್ರೋಟೋಕಾಲ್‌ನವರು 2025ರಲ್ಲಿ ಜನರ ಅಭಿಪ್ರಾಯಕ್ಕೆ ಇಟ್ಟರು. ಬೆಳಗಿನ ಹಾಲಿನ ಚೀಟಿಗೆ ಸಂಜೆ ಹಾಲು ಕೊಡೆವು ಅಂದ ಹಾಗೆ. ಜಾರಿಗೆ ಬಂದರೆ ಬರೀ ಸೋಲಾರ್ ಕೊಂಡು ಸುಮ್ನೆ ಕೂತವರಿಗೆ ಕಷ್ಟ.

ಬೆಲೆ ಏರಿದರೆ ಹೊಗೆಯೂ ಏರುತ್ತದೆಯೇ?

ಈಗ ಹೇಳುವುದು ನನಗೆ ನಗು ಬರಿಸಿದ ಸಂಗತಿ. ಪೂರೈಕೆದಾರರಿಂದ ಅಂಕಿ ಸಿಗದಿದ್ದಾಗ ಅನೇಕ ಕಂಪನಿಗಳು ಸ್ಕೋಪ್ 3 ಅನ್ನು ಖರ್ಚಿನ ಮೇಲೆ ಅಂದಾಜು ಮಾಡುತ್ತವೆ. ಇಷ್ಟು ಹಣದ ಕಾಫಿ ಕೊಂಡೆವು, ಇಂಥ ಸರಕಿಗೆ ಹಣಕ್ಕಿಷ್ಟು ಹೊಗೆ, ಗುಣಿಸಿ ಬರೆಯಿರಿ. ನಿಯಮದಲ್ಲಿ ಇದಕ್ಕೆ ಅವಕಾಶವಿದೆ.

ಈ ಎರಡು ಮೂರು ವರ್ಷದಲ್ಲಿ ಕಾಫಿ ಬೆಲೆ ಎಲ್ಲಿಗೆ ಹೋಯಿತು ಅಂತ ಮೂಡಿಗೆರೆ, ಸಕಲೇಶಪುರದ ಯಾವ ಬೆಳೆಗಾರರನ್ನು ಕೇಳಿದರೂ ಹೇಳುತ್ತಾರೆ. ಅದೇ ತೋಟ, ಅದೇ ಮೂಟೆ, ಅದೇ ಯಂತ್ರ. ಬೆಲೆ ಎರಡು ಪಟ್ಟಾದರೆ, ಬೆಲೆ ಏರಿಕೆಯನ್ನು ಕಳೆದು ನೋಡದ ಈ ಲೆಕ್ಕದಲ್ಲಿ ಹೊಗೆಯೂ ಎರಡು ಪಟ್ಟು! ಇನ್ನೊಂದು ಕಡೆ, ಭಾವ ಸಾಲ ಮಾಡಿ ಸೋಲಾರ್ ಹಾಕಿ ಅರ್ಧ ಹೊಗೆ ಇಳಿಸಿದರೂ ಈ ಅಂದಾಜಿನಲ್ಲಿ ಒಂದು ಗ್ರಾಂ ಕಡಿಮೆಯಾಗುವುದಿಲ್ಲ.

ಬಿಲ್ ಕೇಳುವುದು ಅದಕ್ಕೇ. ನಿಜವಾದ ಯೂನಿಟ್, ನಿಜವಾದ ಚೀಟಿ, ಒಟ್ಟು ಸರಕಿನಲ್ಲಿ ಆ ಖರೀದಿದಾರನ ಪಾಲು, ಈ ಮೂರು ಕೈಗೆ ಸಿಕ್ಕಿದರೆ ಮಾತ್ರ ಹಾಸನದಲ್ಲಿ ಆದ ಬದಲಾವಣೆ ಅಲ್ಲಿನ ಪುಸ್ತಕದಲ್ಲಿ ಕಾಣುತ್ತದೆ. ಹಾಳೆ ತುಂಬುವುದು ಬೇಸರದ ಕೆಲಸ ಹೌದು. ಆದರೆ ತುಂಬದೆ ಬಿಟ್ಟರೆ ಅವರು ಅಂದಾಜು ಬರೆದುಕೊಳ್ಳುತ್ತಾರೆ.

ಡೀಸೆಲ್ ಅನ್ನೂ ಮರೆಯದೆ ಬರೆಯಬೇಕು. ಜನರೇಟರ್ ಒಂದು ಲೀಟರಿಗೆ ಮೂರು ಮೂರೂವರೆ ಯೂನಿಟ್ ಕೊಡುತ್ತದೆ, ಲೀಟರಿಗೆ 2.7 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅಂದರೆ ಯೂನಿಟ್ ಲೆಕ್ಕದಲ್ಲಿ ಗ್ರಿಡ್ಡಿಗಿಂತ ಜಾಸ್ತಿ. ಮರ ಬಿದ್ದು ಲೈನ್ ಹೋದ ದಿನ ಯಾವ ಹಸಿರು ಚೀಟಿಯೂ ಜನರೇಟರ್ ನಿಲ್ಲಿಸುವುದಿಲ್ಲ.

ದುಡ್ಡು ಯಾರದು?

ಹೊಸ ಹಸು ತರುವ ಕರಾರುಗಳು ಸಾಮಾನ್ಯವಾಗಿ ಹದಿನೈದರಿಂದ ಇಪ್ಪತ್ತೈದು ವರ್ಷದವು. ಸೋಲಾರ್ ಕಟ್ಟುವವನಿಗೆ ಬ್ಯಾಂಕ್ ಸಾಲ ಸಿಗಬೇಕಾದರೆ ಅಷ್ಟು ವರ್ಷ ಕೊಳ್ಳುವ ಗಿರಾಕಿ ಬೇಕು. ಭಾವನಿಗೆ ಬರುವ ಆರ್ಡರ್ ಒಂದು ಹಂಗಾಮಿನದು. ಮುಂದಿನ ವರ್ಷ ಆ ಖರೀದಿದಾರ ವಿಯೆಟ್ನಾಮಿನ ಕಡೆ ತಿರುಗಿದರೆ ಕರೆಂಟಿನ ಕರಾರು ಹಿಡಿದುಕೊಂಡು ಇವರೇನು ಮಾಡಬೇಕು?

ದೊಡ್ಡ ಖರೀದಿದಾರ ಮುಂದೆ ಬರಬೇಕಾದದ್ದು ಇಲ್ಲಿ. ವಾಲ್‌ಮಾರ್ಟ್ 2020ರಲ್ಲಿ ಶ್ನೈಡರ್ ಎಲೆಕ್ಟ್ರಿಕ್ ಜೊತೆ ಸೇರಿ ತನ್ನ ಅಮೆರಿಕದ ಪೂರೈಕೆದಾರರಿಗಾಗಿ ಇಂಥದ್ದೊಂದು ಏರ್ಪಾಡು ಮಾಡಿತು. ಒಬ್ಬೊಬ್ಬರೇ ಹೋದರೆ ಕರಾರು ಸಿಗದ ಸಣ್ಣ ಪೂರೈಕೆದಾರರನ್ನು ಗುಂಪು ಮಾಡಿ, ಎಲ್ಲರ ಬೇಡಿಕೆಯನ್ನು ಒಟ್ಟಿಗೆ ಇಟ್ಟು, ಒಂದೇ ದೊಡ್ಡ ಕರಾರು ಮಾಡಿಸುವುದು. ಕಾಗದಪತ್ರ, ಕಾನೂನು ಸಲಹೆಯ ಹೊರೆ ಹಂಚಿಹೋಗುತ್ತದೆ. ಹಾಸನ ಚಿಕ್ಕಮಗಳೂರಿನ ಕ್ಯೂರಿಂಗ್ ಘಟಕಗಳೆಲ್ಲ ಸೇರಿ ಒಂದು ಗ್ರೂಪ್ ಕ್ಯಾಪ್ಟಿವ್ ಮಾಡಿಕೊಂಡರೆ ಅದೇ ಲೆಕ್ಕ. ಹಾಲಿನ ಸಂಘ ಕಟ್ಟಿದ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಳೆ ಕಳಿಸಿ, ಗುರಿ ವರ್ಷ ಕೇಳಿ, ಬೆಲೆಯಲ್ಲಿ ಒಂದು ಪೈಸೆ ಏರಿಸದೆ, ಆರ್ಡರಿನ ಅವಧಿಯನ್ನೂ ಉದ್ದ ಮಾಡದೆ ಕೂರುವ ಖರೀದಿದಾರ ತನ್ನ ಮನೆಪಾಠವನ್ನು ಪಕ್ಕದ ಹುಡುಗನ ಕೈಲಿ ಬರೆಸುತ್ತಿದ್ದಾನೆ ಅಂತಲೇ ನನ್ನ ಅಭಿಪ್ರಾಯ.

ಭಾವ ಎರಡನೇ ಭಾನುವಾರ ಸೋಲಾರ್‌ನವರನ್ನು ಕರೆಸಿದ್ದರು. ಹುಡುಗ ಟೇಪು ಹಿಡಿದು ಮಾಡು ಹತ್ತಿ ಇಳಿದ. ಜಾಗ ಸಾಕಷ್ಟಿದೆ, ಆದರೆ ಹಳೇ ಸಿಮೆಂಟ್ ಶೀಟು ಪ್ಯಾನಲ್ ಭಾರ ತಡೆಯಲ್ಲ, ಮೊದಲು ಮಾಡನ್ನೇ ಬದಲಿಸಬೇಕು ಅಂದ. ಪ್ಯಾನಲ್ಲಿನ ಖರ್ಚಿಗೆ ಸಿದ್ಧವಾಗಿದ್ದ ಭಾವ ಮಾಡಿನ ಖರ್ಚು ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗೆ ಬಂದು ಹಾಳೆ ತೆಗೆಸಿದರು. ಯೂನಿಟ್ ಬರೆಸಿದರು, ಡೀಸೆಲ್ ಬರೆಸಿದರು. ಗುರಿ ವರ್ಷದ ಖಾನೆ ಬಂದಾಗ, "ಅಲ್ಲಿ ವರ್ಷ ಬರೀಬೇಡ. ನೀವು ಎಷ್ಟು ವರ್ಷದ ಆರ್ಡರ್ ಕೊಡ್ತೀರಿ ಅಂತ ಕೇಳು" ಅಂದರು.

ಹಾಗೇ ಬರೆದು ಕಳಿಸಿದೆವು.